ವಾಲಿದ ಮರ ಹೇಳುವ ಗಾಳಿಯ ಲೆಕ್ಕ

ಪವನಯಂತ್ರ ಕೊಳ್ಳುವ ಮುನ್ನ ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಉದ್ದಿಮೆದಾರರು ಗಮನಿಸಬೇಕಾದ ಸಂಗತಿಗಳು

ವಿಜಯಪುರ ನಗರದಿಂದ ಪಶ್ಚಿಮಕ್ಕೆ ತಿಕೋಟಾ ಮಾರ್ಗವಾಗಿ ಹೊರಟರೂ, ನೈಋತ್ಯಕ್ಕೆ ಬಬಲೇಶ್ವರದ ಕಡೆಗೆ ಹೊರಟರೂ ಊರು ದಾಟಿದೊಡನೆ ನೋಟಕ್ಕೆ ತಡೆಯೆಂಬುದು ಇಲ್ಲ. ಎರೆಭೂಮಿಯ ಬಯಲು, ನಡುನಡುವೆ ಕಲ್ಲುಮಣ್ಣಿನ ಮಡ್ಡಿ, ದ್ರಾಕ್ಷಿ ತೋಟಗಳ ಹಸಿರು, ಅಲ್ಲಲ್ಲಿ ಒಂಟಿಯಾಗಿ ನಿಂತ ಜಾಲಿ, ಬೇವು, ಬಾರಿಯ ಮರಗಳು. ಮುಂಗಾರಿನ ನಾಲ್ಕು ತಿಂಗಳು ಈ ಬಯಲಿನ ಮೇಲೆ ಪಡುವಣದಿಂದ ಬೀಸುವ ಗಾಳಿಯನ್ನು ತಡೆದು ನಿಲ್ಲಿಸುವ ಬೆಟ್ಟವಾಗಲಿ, ದಟ್ಟ ಅರಣ್ಯವಾಗಲಿ ಇಲ್ಲ. ಇತ್ತೀಚಿನ ವರ್ಷಗಳಲ್ಲಿ ಜಿಲ್ಲೆಯ ಬಯಲುಗಳಲ್ಲಿ ಪವನ ವಿದ್ಯುತ್ತಿನ ಎತ್ತರದ ಗೋಪುರಗಳು ಎದ್ದು ನಿಂತಿರುವುದಕ್ಕೆ ಈ ಗಾಳಿಯೇ ಕಾರಣ.

ಆಲಮಟ್ಟಿಯ 290 ಮೆಗಾವಾಟ್ ಜಲವಿದ್ಯುತ್ ಕೇಂದ್ರ ಹಾಗೂ ಕೂಡಗಿಯ 2,400 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರಗಳನ್ನು ಕಂಡಿರುವ ಈ ಸೀಮೆಗೆ ವಿದ್ಯುತ್ ಉತ್ಪಾದನೆ ಹೊಸ ಸಂಗತಿಯಲ್ಲ. ಆದರೆ ಅವೆಲ್ಲ ಸರ್ಕಾರ ಮತ್ತು ಬೃಹತ್ ಸಂಸ್ಥೆಗಳ ಉದ್ಯಮಗಳು. ಸಣ್ಣ ಕೈಗಾರಿಕೆಯ ಮಾಲೀಕನೊಬ್ಬ, ಶೀತಲಗೃಹದ ಒಡೆಯನೊಬ್ಬ ಅಥವಾ ದ್ರಾಕ್ಷಿ ಬೆಳೆಗಾರನೊಬ್ಬ ತನ್ನ ಸ್ವಂತ ಜಾಗದಲ್ಲಿ ಸಣ್ಣ ಪವನಯಂತ್ರವನ್ನು ನಿಲ್ಲಿಸಿಕೊಂಡು ವಿದ್ಯುತ್ ವೆಚ್ಚವನ್ನು ಇಳಿಸಿಕೊಳ್ಳಲು ಯೋಚಿಸಿದಾಗ ಎದುರಾಗುವ ಪ್ರಶ್ನೆ ಬೇರೆಯೇ ಆಗಿದೆ. ಮಾರಾಟಗಾರನ ದರಪಟ್ಟಿಯಲ್ಲಿ ಯಂತ್ರದ ಸಾಮರ್ಥ್ಯ ನಮೂದಾಗಿರುತ್ತದೆ, ಬೆಲೆ ನಮೂದಾಗಿರುತ್ತದೆ. ಕೊಳ್ಳುವವನ ಜಾಗದಲ್ಲಿ ಗಾಳಿ ಎಷ್ಟಿದೆ ಎಂಬುದು ಮಾತ್ರ ಅಲ್ಲಿ ಇರುವುದಿಲ್ಲ. ಅದನ್ನು ಕಂಡುಕೊಳ್ಳಬೇಕಾದವನು ಕೊಳ್ಳುವವನೇ. ಈ ಶೋಧನೆಯ ಮೊದಲ ಹೆಜ್ಜೆಯಲ್ಲಿ ಹಣವಿಲ್ಲದೆ ನೆರವಾಗಬಲ್ಲ ಸಾಕ್ಷಿಯೊಂದಿದೆ. ಅದು ವರ್ಷಾನುಗಟ್ಟಲೆ ಅದೇ ಗಾಳಿಯಲ್ಲಿ ನಿಂತು ಬೆಳೆದ ಮರ.

ಒಂದು ಮೀಟರಿನ ಬೆಲೆ

ಗಾಳಿಯ ವ್ಯವಹಾರದಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ ನಿಯಮವೆಂದರೆ, ಗಾಳಿಯಲ್ಲಿರುವ ಶಕ್ತಿಯು ಅದರ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು. ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿಯ ಶಕ್ತಿಯನ್ನು 125 ಎಂದು ಲೆಕ್ಕ ಹಿಡಿದರೆ, 6 ಮೀಟರ್ ವೇಗದ ಗಾಳಿಯದು 216, 4 ಮೀಟರ್ ವೇಗದ ಗಾಳಿಯದು ಕೇವಲ 64. ಅಂದರೆ ವೇಗದಲ್ಲಿ ಒಂದು ಮೀಟರ್ ಹೆಚ್ಚಾದರೆ ಶಕ್ತಿ ಮುಕ್ಕಾಲು ಪಾಲಿನಷ್ಟು ಏರುತ್ತದೆ, ಒಂದು ಮೀಟರ್ ಕಡಿಮೆಯಾದರೆ ಅರ್ಧಕ್ಕೆ ಇಳಿಯುತ್ತದೆ. ಯಂತ್ರದ ಬೆಲೆ ಮಾತ್ರ ಮೂರೂ ಜಾಗಗಳಲ್ಲಿ ಒಂದೇ.

ದರಪಟ್ಟಿಯ ಮೇಲಿನ ಸಾಮರ್ಥ್ಯವನ್ನೂ ಇದೇ ನಿಯಮದ ಬೆಳಕಿನಲ್ಲಿ ಓದಬೇಕು. ಸಣ್ಣ ಪವನಯಂತ್ರಗಳ ಸಾಮರ್ಥ್ಯವನ್ನು ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 12 ಮೀಟರ್ ವೇಗದ ಗಾಳಿಗೆ ನಮೂದಿಸುತ್ತಾರೆ. 10 ಮೀಟರ್ ವೇಗದಲ್ಲಿ 5 ಕಿಲೋವಾಟ್ ಕೊಡುವ ಯಂತ್ರವು 5 ಮೀಟರ್ ವೇಗದಲ್ಲಿ ಅದರ ಎಂಟನೆಯ ಒಂದು ಭಾಗವನ್ನು, ಎಂದರೆ ಸುಮಾರು 600 ವಾಟ್‌ಗಳನ್ನು ಮಾತ್ರ ಕೊಡಬಲ್ಲದು. ಇದರ ಮೇಲೆ ಇನ್ನೊಂದು ಕಡಿತವೂ ಇದೆ. ವಿಜಯಪುರ ನಗರವು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದ್ದು, ಇಲ್ಲಿನ ಹವೆ ಬೆಚ್ಚಗಿನದು. ಎತ್ತರದ, ಬೆಚ್ಚಗಿನ ಗಾಳಿ ಹಗುರವಾಗಿರುವುದರಿಂದ ಅದೇ ವೇಗದಲ್ಲಿ ಕಡಲತೀರದ ಗಾಳಿಗಿಂತ ಸುಮಾರು ಹತ್ತನೆಯ ಒಂದು ಭಾಗದಷ್ಟು ಕಡಿಮೆ ಶಕ್ತಿಯನ್ನು ಹೊತ್ತಿರುತ್ತದೆ.

ಹೀಗಿರುವಾಗ ಒಂದೇ ಹಳ್ಳಿಯ ಎಲ್ಲೆಯೊಳಗೆ ಎರಡು ಜಾಗಗಳ ನಡುವಿನ ವ್ಯತ್ಯಾಸವೇ ಲಾಭ ನಷ್ಟಗಳನ್ನು ನಿರ್ಧರಿಸಬಹುದು. ಹಳ್ಳದ ತಗ್ಗಿನ ಜಾಗ, ಕಟ್ಟಡಗಳ ಮರೆಯ ಜಾಗ, ಮಡ್ಡಿಯ ನೆತ್ತಿಯ ಜಾಗ ಇವು ನಕಾಶೆಯಲ್ಲಿ ಒಂದೇ ಬಣ್ಣದಲ್ಲಿ ಕಂಡರೂ ಗಾಳಿಯ ಲೆಕ್ಕದಲ್ಲಿ ಬೇರೆ ಬೇರೆ.

ಮರದಲ್ಲಿ ಗಾಳಿ ಮೂಡಿಸುವ ಗುರುತು

ಗಾಳಿಯು ಮರದ ಮೇಲೆ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಮೊದಲನೆಯದು ಒತ್ತಡ. ಎಳೆಯ ಕೊಂಬೆಗಳು ತಿಂಗಳುಗಟ್ಟಲೆ ಒಂದೇ ಕಡೆಗೆ ಬಾಗಿಕೊಂಡಿದ್ದು, ಬಲಿತು ಗಟ್ಟಿಯಾಗುವಾಗ ಆ ಬಾಗನ್ನೇ ಉಳಿಸಿಕೊಳ್ಳುತ್ತವೆ. ಎರಡನೆಯದು ಒಣಗಿಸುವಿಕೆ. ಗಾಳಿಗೆ ಎದುರಾದ ಮಗ್ಗುಲಿನ ಚಿಗುರು ನೀರನ್ನು ಬೇಗ ಕಳೆದುಕೊಂಡು ಸೊರಗುತ್ತದೆ. ಧೂಳು ಮರಳುಗಳ ಉಜ್ಜುವಿಕೆ ಅದನ್ನು ಇನ್ನಷ್ಟು ಗಾಸಿಗೊಳಿಸುತ್ತದೆ. ಮರೆಯ ಮಗ್ಗುಲಿನ ಚಿಗುರು ಉಳಿದು ಬೆಳೆಯುತ್ತದೆ. ವರ್ಷದಿಂದ ವರ್ಷಕ್ಕೆ ಇದು ಕೂಡುತ್ತ ಹೋಗಿ, ಕಂಬಕ್ಕೆ ಕಟ್ಟಿದ ಬಾವುಟದಂತೆ ಮರವು ಒಂದೇ ಕಡೆಗೆ ಕೊಂಬೆ ಚಾಚಿ ನಿಲ್ಲುತ್ತದೆ. ಇಂತಹ ಮರಗಳನ್ನು ಧ್ವಜಾಕಾರದ ಮರಗಳೆಂದು ಕರೆಯುವುದುಂಟು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಒಂದಿದೆ. ಒಂದು ದಿನದ ಬಿರುಗಾಳಿ ಮರವನ್ನು ಉರುಳಿಸಬಹುದು, ಕೊಂಬೆಯನ್ನು ಮುರಿಯಬಹುದು. ಆದರೆ ಮರದ ಇಡೀ ಆಕಾರವನ್ನು ಒಂದು ಕಡೆಗೆ ತಿರುಗಿಸಲು ಒಂದೇ ದಿಕ್ಕಿನಿಂದ ಮತ್ತೆ ಮತ್ತೆ ಬೀಸುವ ಗಾಳಿಯೇ ಬೇಕು. ಆದ್ದರಿಂದ ವಾಲಿದ ಮರವು ಹತ್ತಾರು ವರ್ಷಗಳ ಗಾಳಿಯ ಒಟ್ಟು ಮೊತ್ತವನ್ನು ತೋರಿಸುವ ಖಾತೆಯಂತೆ. ದಿನದಿನದ ಜಮಾಖರ್ಚು ಅದರಲ್ಲಿ ಸಿಕ್ಕುವುದಿಲ್ಲ.

ಅಮೆರಿಕದ ಒಂದು ಬೆಟ್ಟ ಕಲಿಸಿದ ಪಾಠ

ಮರಗಳ ಆಕಾರದಿಂದ ಗಾಳಿಯ ತಾಣವನ್ನು ಗುರುತಿಸುವ ಕ್ರಮಕ್ಕೆ ಶಾಸ್ತ್ರೀಯ ರೂಪ ಬಂದದ್ದು ಅಮೆರಿಕದಲ್ಲಿ. ಪಾಮರ್ ಪಟ್ನಮ್ ಎಂಬ ಎಂಜಿನಿಯರ್ ವರ್ಮಾಂಟ್ ರಾಜ್ಯದ ಗ್ರ್ಯಾಂಡ್‌ಪಾಸ್ ನಾಬ್ ಎಂಬ ಬೆಟ್ಟದ ಮೇಲೆ 1941ರಲ್ಲಿ 1,250 ಕಿಲೋವಾಟ್ ಸಾಮರ್ಥ್ಯದ ಪವನಯಂತ್ರವನ್ನು ನಿಲ್ಲಿಸಿದನು. ಅದರ ರೆಕ್ಕೆಗಳ ಸುತ್ತಿನ ವ್ಯಾಸ ಸುಮಾರು 53 ಮೀಟರ್. ಒಂದು ಮೆಗಾವಾಟ್ ದಾಟಿದ ಜಗತ್ತಿನ ಮೊದಲ ಪವನಯಂತ್ರವದು. 1943ರಲ್ಲಿ ಅದರ ಮುಖ್ಯ ಬೇರಿಂಗ್ ಕೆಟ್ಟಿತು. ಯುದ್ಧಕಾಲವಾದ್ದರಿಂದ ದುರಸ್ತಿಗೆ ಎರಡು ವರ್ಷ ಹಿಡಿಯಿತು. 1945ರ ಮಾರ್ಚ್ 26ರಂದು ಒಂದು ರೆಕ್ಕೆ ಮುರಿದುಬಿದ್ದ ಮೇಲೆ ಯಂತ್ರವನ್ನು ಮತ್ತೆ ನಡೆಸಲಿಲ್ಲ.

ಯಂತ್ರ ಮುರಿದ ಸಂಗತಿ ಎಲ್ಲರಿಗೂ ಗೊತ್ತು. ವರ್ತಕರು ನೆನಪಿಡಬೇಕಾದದ್ದು ಇನ್ನೊಂದಿದೆ. ಆ ಬೆಟ್ಟದ ಮೇಲಿನ ಗಾಳಿಯ ಸರಾಸರಿ ವೇಗವು, ಯೋಜನೆ ಹಾಕುವಾಗ ಅಂದಾಜು ಮಾಡಿದ್ದಕ್ಕಿಂತ ಬಹಳ ಕಡಿಮೆಯೆಂದು ಮುಂದೆ ಅಳತೆಯಿಂದ ತಿಳಿದುಬಂತು. ತಜ್ಞರ ಲೆಕ್ಕಾಚಾರವಿತ್ತು, ಬಂಡವಾಳವಿತ್ತು. ಸ್ಥಳದಲ್ಲಿ ಸಾಕಷ್ಟು ಕಾಲ ನಡೆಸಿದ ಅಳತೆ ಮಾತ್ರ ಇರಲಿಲ್ಲ. ಈ ಅನುಭವದ ಹಿನ್ನೆಲೆಯಲ್ಲಿ ಪಟ್ನಮ್, ಸಸ್ಯಶಾಸ್ತ್ರಜ್ಞ ರಾಬರ್ಟ್ ಗ್ರಿಗ್ಸ್ ಅವರ ನೆರವಿನಿಂದ ಮರಗಳ ಆಕಾರಕ್ಕೂ ಗಾಳಿಯ ವೇಗಕ್ಕೂ ಇರುವ ಸಂಬಂಧವನ್ನು ಕ್ರಮಪಡಿಸಿ, 1948ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. 1973ರ ತೈಲ ಬಿಕ್ಕಟ್ಟಿನ ನಂತರ ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದ ವೆಂಡೆಲ್ ಹ್ಯೂಸನ್ ಮತ್ತು ಜಾನ್ ವೇಡ್ ಈ ಕೆಲಸವನ್ನು ಮುಂದುವರಿಸಿ, ಗಾಳಿಮಾಪಕಗಳ ಅಳತೆಯನ್ನು ಮರಗಳ ಆಕಾರದೊಂದಿಗೆ ತಾಳೆ ನೋಡಿ, 1980ರಲ್ಲಿ ಒಂದು ಕೈಪಿಡಿಯನ್ನೇ ಹೊರತಂದರು.

ಎಂಟು ಮೆಟ್ಟಿಲುಗಳ ಅಳತೆಗೋಲು

ಗ್ರಿಗ್ಸ್–ಪಟ್ನಮ್ ಸೂಚ್ಯಂಕವೆಂದು ಪ್ರಸಿದ್ಧವಾದ ಈ ಅಳತೆಗೋಲಿನಲ್ಲಿ ಸೊನ್ನೆಯಿಂದ ಏಳರವರೆಗೆ ಎಂಟು ಮೆಟ್ಟಿಲುಗಳಿವೆ. ಅವುಗಳನ್ನು ಸರಳವಾಗಿ ಹೀಗೆ ಹೇಳಬಹುದು.

ಸೊನ್ನೆ: ಮರದ ಆಕಾರದಲ್ಲಿ ಬದಲಾವಣೆಯಿಲ್ಲ.
ಒಂದು: ಕಿರುಕೊಂಬೆಗಳು ಮಾತ್ರ ಒಂದು ಕಡೆಗೆ ಬಾಚಿದಂತೆ ಕಾಣುತ್ತವೆ; ವೇಗ ಸೆಕೆಂಡಿಗೆ ಸುಮಾರು 3ರಿಂದ 4 ಮೀಟರ್.
ಎರಡು: ಕೊಂಬೆಗಳು ಸ್ವಲ್ಪ ಮಟ್ಟಿಗೆ ಬಾವುಟದಂತೆ ತಿರುಗಿವೆ, 4ರಿಂದ 5 ಮೀಟರ್.
ಮೂರು: ಬಾವುಟದ ಆಕಾರ ಎದ್ದು ಕಾಣುತ್ತದೆ, 5ರಿಂದ 6 ಮೀಟರ್.
ನಾಲ್ಕು: ಗಾಳಿಯೆದುರಿನ ಮಗ್ಗುಲು ಬೋಳಾಗಿ ಕೊಂಬೆಗಳೆಲ್ಲ ಮರೆಯ ಕಡೆಗಿವೆ, 6ರಿಂದ 7 ಮೀಟರ್.
ಐದು: ಕಾಂಡವೂ ಭಾಗಶಃ ವಾಲಿದೆ, 7ರಿಂದ 8 ಮೀಟರ್.
ಆರು: ಕಾಂಡ ಪೂರ್ತಿಯಾಗಿ ವಾಲಿದೆ, 8ರಿಂದ 9 ಮೀಟರ್.
ಏಳು: ಮರ ಮೇಲೇಳದೆ ನೆಲದ ಮೇಲೆ ಹಾಸಿದಂತೆ ಬೆಳೆದಿದೆ, ಸುಮಾರು 10 ಮೀಟರ್ ಮತ್ತು ಮೇಲೆ.

ಈ ಪಟ್ಟಿಯನ್ನು ವಿಜಯಪುರದ ಬಯಲಿಗೆ ಹಾಗೆಯೇ ತಂದು ಅನ್ವಯಿಸುವುದು ಸರಿಯಲ್ಲ. ಇದನ್ನು ರೂಪಿಸಿದ್ದು ಶೀತಪ್ರದೇಶದ ಸೂಜಿಯೆಲೆಯ ಮರಗಳಿಗಾಗಿ. ಪೈನ್ ಜಾತಿಯ ಮರದ ನೇರ ಕಾಂಡ, ಸಮನಾದ ಕೊಂಬೆಗಳ ಬೆಳವಣಿಗೆ ಬೇವಿಗಾಗಲಿ ಜಾಲಿಗಾಗಲಿ ಇಲ್ಲ. ಒಂದು ಜಾತಿಯ ಮರ ಸುಲಭವಾಗಿ ಬಾಗುತ್ತದೆ, ಇನ್ನೊಂದು ಜಾತಿ ಅದೇ ಗಾಳಿಯಲ್ಲಿ ಸೆಟೆದು ನಿಲ್ಲುತ್ತದೆ. ಆದ್ದರಿಂದ ಇಲ್ಲಿನ ಮರಗಳನ್ನು ನೋಡಿ ಸೆಕೆಂಡಿಗೆ ಇಷ್ಟೇ ಮೀಟರ್ ಎಂದು ಸಂಖ್ಯೆ ಹೇಳಲಾಗದು. ಆದರೆ ಎರಡು ಮಾತುಗಳನ್ನು ಧೈರ್ಯವಾಗಿ ಹೇಳಬಹುದು. ಬಲವಾದ ಗಾಳಿ ಯಾವ ದಿಕ್ಕಿನಿಂದ ಬರುತ್ತದೆ ಎಂಬುದು ಮೊದಲನೆಯದು. ಒಂದೇ ಜಾತಿಯ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಮರಗಳಿರುವ ಎರಡು ಜಾಗಗಳಲ್ಲಿ ಯಾವುದು ಹೆಚ್ಚು ಗಾಳಿಯ ಜಾಗ ಎಂಬುದು ಎರಡನೆಯದು.

ದೊಡ್ಡ ಯಂತ್ರಕ್ಕೆ ನಕಾಶೆ, ಸಣ್ಣ ಯಂತ್ರಕ್ಕೆ ಮರ

ಭಾರತದಲ್ಲಿ ಗಾಳಿಯ ಸಮೀಕ್ಷೆಗೆ ಭದ್ರವಾದ ಬುನಾದಿ ಹಾಕಿದವರಲ್ಲಿ ಅಗ್ರಗಣ್ಯರು ಹವಾಮಾನ ವಿಜ್ಞಾನಿ ಅನ್ನಾ ಮಣಿ. ಹವಾಮಾನ ಇಲಾಖೆಯಿಂದ 1976ರಲ್ಲಿ ನಿವೃತ್ತರಾದ ಬಳಿಕ ಅವರು ಬೆಂಗಳೂರನ್ನು ಕೇಂದ್ರವಾಗಿಟ್ಟುಕೊಂಡು ದೇಶದ ಗಾಳಿಯ ಮಾಹಿತಿಯನ್ನು ಕಲೆಹಾಕಿದರು. 1983ರಲ್ಲಿ ಆ ಮಾಹಿತಿ ಗ್ರಂಥರೂಪದಲ್ಲಿ ಪ್ರಕಟವಾಯಿತು. ಗಾಳಿ ಮತ್ತು ಬಿಸಿಲನ್ನು ಅಳೆಯುವ ಉಪಕರಣಗಳನ್ನು ತಯಾರಿಸುವ ಸಣ್ಣ ಕಾರ್ಯಾಗಾರವನ್ನೂ ಅವರು ಬೆಂಗಳೂರಿನಲ್ಲಿ ನಡೆಸಿದರೆಂಬುದು ಸಣ್ಣ ಉದ್ದಿಮೆದಾರರು ಅಭಿಮಾನದಿಂದ ನೆನೆಯಬೇಕಾದ ವಿಷಯ. ಮುಂದೆ 1998ರಲ್ಲಿ ಚೆನ್ನೈಯಲ್ಲಿ ಸ್ಥಾಪನೆಯಾದ ಕೇಂದ್ರವೇ ಇಂದಿನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ. ರಾಜ್ಯದಲ್ಲಿ 1996ರಲ್ಲಿ ಆರಂಭವಾದ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತವು ಈ ಕ್ಷೇತ್ರದ ಯೋಜನೆಗಳನ್ನು ನೋಡಿಕೊಳ್ಳುತ್ತದೆ.

ರಾಷ್ಟ್ರೀಯ ಸಂಸ್ಥೆಯ ಅಂದಾಜಿನಂತೆ ಕರ್ನಾಟಕದ ಪವನ ವಿದ್ಯುತ್ ಸಾಧ್ಯತೆ ನೆಲದಿಂದ 100 ಮೀಟರ್ ಎತ್ತರದಲ್ಲಿ ಸುಮಾರು 55,800 ಮೆಗಾವಾಟ್, 120 ಮೀಟರ್ ಎತ್ತರದಲ್ಲಿ ಸುಮಾರು 1,24,000 ಮೆಗಾವಾಟ್, 150 ಮೀಟರ್ ಎತ್ತರದಲ್ಲಿ ಸುಮಾರು 1,69,000 ಮೆಗಾವಾಟ್. 2025ರ ಮಾರ್ಚ್ ಅಂತ್ಯಕ್ಕೆ ರಾಜ್ಯದಲ್ಲಿ ಸ್ಥಾಪಿತವಾದ ಸಾಮರ್ಥ್ಯ 7,300 ಮೆಗಾವಾಟ್ ದಾಟಿತ್ತು. ಎತ್ತರಕ್ಕೆ ಹೋದಂತೆ ಅಂಕಿ ಏರುವುದರಲ್ಲಿಯೇ ವಿಜಯಪುರದ ಬಯಲಿನ ಕಥೆ ಅಡಗಿದೆ. ಗೋಪುರಗಳು ಗಿಡ್ಡವಾಗಿದ್ದ ಕಾಲದಲ್ಲಿ ಯಂತ್ರಗಳು ಗದಗದ ಕಪ್ಪತಗುಡ್ಡ, ಚಿತ್ರದುರ್ಗದ ಜೋಗಿಮಟ್ಟಿಯಂತಹ ಗುಡ್ಡಸಾಲುಗಳನ್ನು ಅರಸಿ ಹೋದವು. ಗೋಪುರದ ಎತ್ತರ 100 ಮೀಟರ್ ದಾಟಿ, ಸಾಧಾರಣ ಗಾಳಿಯಲ್ಲಿಯೂ ತಿರುಗುವ ಉದ್ದನೆಯ ರೆಕ್ಕೆಗಳು ಬಂದ ಮೇಲೆ ಸಮತಟ್ಟಾದ ಬಯಲುಸೀಮೆಯೂ ಲಾಭದ ತಾಣವಾಯಿತು.

ಆದರೆ 120 ಮೀಟರ್ ಎತ್ತರದ ಗಾಳಿಯ ಬಗ್ಗೆ ಎಂಟು ಹತ್ತು ಮೀಟರ್ ಎತ್ತರದ ಮರ ಹೆಚ್ಚೇನೂ ಹೇಳಲಾರದು. ಅಂತಹ ಯೋಜನೆಗಳಿಗೆ ನಕಾಶೆಗಳಿವೆ, ಎತ್ತರದ ಅಳತೆಗಂಬಗಳಿವೆ, ತಜ್ಞರಿದ್ದಾರೆ. ಆದ್ದರಿಂದ ಜಮೀನನ್ನು ಗುತ್ತಿಗೆ ಕೇಳಲು ಬಂದವರೊಡನೆ ಹೊಲದ ವಾಲಿದ ಜಾಲಿಮರವನ್ನು ತೋರಿಸಿ ಹೆಚ್ಚು ಬೆಲೆ ಕೇಳುವುದಕ್ಕಾಗಲಿ, ಅಂತಹ ಮರವಿಲ್ಲವೆಂದು ಕಡಿಮೆ ಬೆಲೆಗೆ ಒಪ್ಪುವುದಕ್ಕಾಗಲಿ ಆಧಾರವಿಲ್ಲ.

ಮರದ ಸಾಕ್ಷ್ಯಕ್ಕೆ ನಿಜವಾದ ಬೆಲೆ ಇರುವುದು ಸಣ್ಣ ಯಂತ್ರದ ವಿಷಯದಲ್ಲಿ. ಅದರ ಗೋಪುರ 15ರಿಂದ 30 ಮೀಟರ್ ಎತ್ತರದ್ದು, ಮರ ನಿಂತ ಗಾಳಿಯ ಪದರಕ್ಕೆ ಹತ್ತಿರದ್ದು. ಅದರ ಬೆಲೆಗೆ ಹೋಲಿಸಿದರೆ ಅಳತೆಗಂಬದ ಖರ್ಚು ದೊಡ್ಡದಾದ್ದರಿಂದ ನಾಲ್ಕು ಜಾಗಗಳಲ್ಲಿ ಅಳೆದು ನೋಡುವುದು ಸಣ್ಣ ಉದ್ದಿಮೆದಾರನಿಗೆ ಸಾಧ್ಯವಿಲ್ಲ. ಮರಗಳನ್ನು ಓದಿ ನಾಲ್ಕನ್ನು ಒಂದಕ್ಕಿಳಿಸಿಕೊಂಡರೆ, ಆ ಒಂದು ಜಾಗದಲ್ಲಿ ಅಳೆಯುವುದು ಸಾಧ್ಯ.

ಬಯಲಿನ ಮರಗಳನ್ನು ಓದುವ ಬಗೆ

ತಿಕೋಟಾ, ಬಬಲೇಶ್ವರ ಭಾಗದಲ್ಲಿ ಮುಂಗಾರಿನ ಬಲವಾದ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಆದ್ದರಿಂದ ಗಾಳಿಯಿಂದ ರೂಪುಗೊಂಡ ಮರದ ಕೊಂಬೆಗಳು ಪೂರ್ವ ಅಥವಾ ಈಶಾನ್ಯದ ಕಡೆಗೆ ಚಾಚಿರಬೇಕು. ಬೇರೆ ದಿಕ್ಕಿಗೆ ವಾಲಿದ ಮರವನ್ನು ಕಂಡರೆ ಕಾರಣ ಗಾಳಿಯಲ್ಲವೆಂದು ಮೊದಲು ಸಂಶಯಪಡಬೇಕು.

ಎಲ್ಲ ಮರಗಳೂ ಒಳ್ಳೆಯ ಸಾಕ್ಷಿಗಳಲ್ಲ. ಬಯಲಿನಲ್ಲಿ ಒಂಟಿಯಾಗಿ ನಿಂತ ಬೇವು ಮತ್ತು ಜಾಲಿ ಉತ್ತಮ. ಬೇವು ಎಲೆ ಉದುರಿಸುವ ಚಳಿಗಾಲದ ಕೊನೆಯಲ್ಲಿ ಅದರ ಕೊಂಬೆಗಳ ಹಂದರ ಸ್ಪಷ್ಟವಾಗಿ ಕಾಣುವುದರಿಂದ ಆಗ ನೋಡುವುದು ಲೇಸು. ಹುಣಸೆ ಗಟ್ಟಿಮರವಾದ್ದರಿಂದ ಅದು ವಾಲಿದ್ದರೆ ಸಾಕ್ಷ್ಯ ಬಲವಾದದ್ದು, ವಾಲಿರದಿದ್ದರೆ ಗಾಳಿಯಿಲ್ಲವೆಂದು ಅರ್ಥವಲ್ಲ. ಈಚಲಿಗೆ ಕವಲುಕೊಂಬೆಗಳಿಲ್ಲದ ಕಾರಣ ಅದರ ಕಾಂಡದ ಬಾಗನ್ನು ಮಾತ್ರ ನೋಡಬಹುದು. ಎಲ್ಲೆಡೆ ಹಬ್ಬಿರುವ ಬಳ್ಳಾರಿ ಜಾಲಿಯು ಕಡಿದಷ್ಟೂ ಬುಡದಿಂದ ಚಿಗುರಿ ಮನಬಂದಂತೆ ಹರಡುವುದರಿಂದ ಅದನ್ನು ನಂಬುವಂತಿಲ್ಲ. ಮಡ್ಡಿಯ ಮೇಲಿನ ಬಾರಿ, ತಂಗಡಿಯಂತಹ ಕಂಟಿಗಿಡಗಳ ನೆತ್ತಿ ಒಂದು ಕಡೆಯಿಂದ ಸವರಿದಂತೆ ಇಳಿಜಾರಾಗಿ ಬೆಳೆದಿದ್ದರೆ ಅದೂ ಗಮನಾರ್ಹ. ಕುರಿ ಆಡುಗಳು ಮೇಯುವ ಎತ್ತರಕ್ಕಿಂತ ಮೇಲಿನ ಭಾಗವನ್ನು ಮಾತ್ರ ನೋಡಬೇಕು.

ಮೋಸಹೋಗುವ ಸಂದರ್ಭಗಳೂ ಇವೆ. ಆಡುಗಳಿಗೆ ಸೊಪ್ಪಿಗಾಗಿ ಒಂದು ಮಗ್ಗುಲಿನ ಕೊಂಬೆಗಳನ್ನು ಕಡಿದ ಮರ, ವಿದ್ಯುತ್ ತಂತಿಗೆ ತಾಗದಂತೆ ಸವರಿದ ಮರ, ರಸ್ತೆಯ ಕಡೆಗೆ ಬೆಳಕನ್ನರಸಿ ಬಾಗಿದ ಸಾಲುಮರ, ಹಳ್ಳದ ದಂಡೆ ಕುಸಿದು ವಾಲಿದ ಮರ, ಇವೆಲ್ಲ ದೂರದಿಂದ ಗಾಳಿಮರದಂತೆಯೇ ಕಾಣುತ್ತವೆ. ಹತ್ತಿರ ಹೋಗಿ ಕಡಿದ ಗುರುತುಗಳಿವೆಯೇ ಎಂದು ನೋಡಬೇಕು. ಒಂದೇ ಮರವನ್ನು ನೆಚ್ಚದೆ ಸುತ್ತಲಿನ ಐದಾರು ಮರಗಳು ಒಂದೇ ಮಾತು ಹೇಳುತ್ತವೆಯೇ ಎಂದು ತಾಳೆನೋಡಬೇಕು. ಜಿಲ್ಲೆಯಲ್ಲಿ ಕೋಟಿ ವೃಕ್ಷ ಅಭಿಯಾನದಡಿ ನೆಟ್ಟ ಸಸಿಗಳಂತಹ ಎಳೆಯ ಮರಗಳು ಇನ್ನೂ ಸಾಕ್ಷಿ ಹೇಳುವ ವಯಸ್ಸಿಗೆ ಬಂದಿಲ್ಲ. ಗಾಳಿಯ ಗುರುತು ಮೂಡಲು ವರ್ಷಗಳು ಬೇಕು.

ಮರವಿಲ್ಲದ ಜಾಗದಲ್ಲಿ ಗಾಳಿಯಿಲ್ಲವೆಂದು ತೀರ್ಮಾನಿಸುವುದು ದೊಡ್ಡ ತಪ್ಪು. ಒಳ್ಳೆಯ ಗಾಳಿಯ ಮಡ್ಡಿಗಳು ಎಷ್ಟೋ ಕಡೆ ಮರವಿಲ್ಲದ ಬೋಳು ನೆಲಗಳೇ ಆಗಿರುತ್ತವೆ. ವಾಲಿದ ಮರ ಇದ್ದರೆ ಗಾಳಿ ಇದೆ. ಇಲ್ಲದಿದ್ದರೆ ಪ್ರಶ್ನೆ ಹಾಗೆಯೇ ಉಳಿಯುತ್ತದೆ, ಅಷ್ಟೆ.

ಕಣ ಹೇಳುವ ಇನ್ನೊಂದು ಸಾಕ್ಷ್ಯ

ಮರದ ಸಾಕ್ಷ್ಯದಲ್ಲಿ ಇನ್ನೂ ಒಂದು ಕೊರತೆಯಿದೆ. ಅದು ಮುಖ್ಯವಾಗಿ ಬಲವಾದ ಗಾಳಿಯ ಋತುವನ್ನು ದಾಖಲಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಬಯಲಿನಲ್ಲಿ ಬೀಸುವ ಗಾಳಿಗೂ ಚಳಿಗಾಲದ ಮೂಡಗಾಳಿಗೂ ಬಲದಲ್ಲಿ ಅಜಗಜಾಂತರ. ವಾಲಿದ ಮರವನ್ನು ನೋಡಿ ವರ್ಷವಿಡೀ ಅದೇ ಗಾಳಿಯೆಂದು ಭಾವಿಸಿದರೆ ಲೆಕ್ಕ ತಪ್ಪುತ್ತದೆ.

ವರ್ಷದ ಸರಾಸರಿ ವೇಗವೂ ಇಲ್ಲಿ ಪೂರ್ತಿ ಸತ್ಯವನ್ನು ಹೇಳುವುದಿಲ್ಲ. ಅರ್ಧ ಕಾಲ 8 ಮೀಟರ್, ಉಳಿದರ್ಧ ಕಾಲ 2 ಮೀಟರ್ ವೇಗದಲ್ಲಿ ಗಾಳಿ ಬೀಸುವ ಜಾಗದ ಸರಾಸರಿ 5 ಮೀಟರ್. ಸದಾಕಾಲ 5 ಮೀಟರ್ ಬೀಸುವ ಜಾಗದ ಸರಾಸರಿಯೂ 5 ಮೀಟರೇ. ಆದರೆ ಘನದ ನಿಯಮದಂತೆ ಲೆಕ್ಕ ಹಾಕಿದರೆ ಮೊದಲ ಜಾಗದ ಶಕ್ತಿ 260, ಎರಡನೆಯದರದು 125. ಸರಾಸರಿ ಒಂದೇ ಆದರೂ ಶಕ್ತಿ ಎರಡು ಪಟ್ಟಿಗಿಂತ ಹೆಚ್ಚು. ಮುಂಗಾರಿನಲ್ಲಿ ಜೋರಾಗಿ ಬೀಸುವ ಸೀಮೆಗೆ ಇದು ಲಾಭದ ಮಾತು. ಅದರೊಂದಿಗೆ ಎಚ್ಚರಿಕೆಯ ಮಾತೂ ಹೌದು, ಏಕೆಂದರೆ ಆ ವಿದ್ಯುತ್ತಿನ ಬಹುಪಾಲು ಕೆಲವೇ ತಿಂಗಳಲ್ಲಿ ಬರುತ್ತದೆ. ಆ ತಿಂಗಳುಗಳಲ್ಲಿ ತನಗೆ ವಿದ್ಯುತ್ ಬೇಕೇ ಎಂಬುದನ್ನು ಉದ್ದಿಮೆದಾರನು ಮೊದಲು ಕೇಳಿಕೊಳ್ಳಬೇಕು. ಒಣದ್ರಾಕ್ಷಿಯನ್ನು ಬೇಸಿಗೆಯಿಂದ ಮುಂದಕ್ಕೆ ಕಾಪಿಡುವ ಶೀತಲಗೃಹಕ್ಕೆ ಮಳೆಗಾಲದಲ್ಲಿಯೂ ವಿದ್ಯುತ್ ಬೇಕು. ಮೋಡದಿಂದಾಗಿ ಸೌರಫಲಕಗಳ ಉತ್ಪಾದನೆ ತಗ್ಗುವ ಆ ದಿನಗಳಲ್ಲಿ ಗಾಳಿ ಜೊತೆಗೂಡಿದರೆ ಅನುಕೂಲ. ಬೇಸಿಗೆಯಲ್ಲಿ ಮಾತ್ರ ನೀರೆತ್ತುವ ಪಂಪ್‌ಸೆಟ್ಟಿಗೆ ಅದೇ ಯಂತ್ರದಿಂದ ಅಷ್ಟು ಪ್ರಯೋಜನವಿಲ್ಲ.

ದ್ರಾಕ್ಷಿಯನ್ನು ನೆರಳಿನ ಶೆಡ್ಡುಗಳಲ್ಲಿ ಒಣಗಿಸುವ ಕೆಲಸ ನಡೆಯುವುದು ಬಹುಮಟ್ಟಿಗೆ ಫೆಬ್ರುವರಿಯಿಂದ ಏಪ್ರಿಲ್ ತಿಂಗಳವರೆಗೆ. ಒಣಗಿಸುವ ಶೆಡ್ಡಿಗೆ ಗಾಳಿಯಾಡಬೇಕು. ಅದನ್ನು ಎಲ್ಲಿ ಕಟ್ಟಬೇಕು, ಯಾವ ಕಡೆಗೆ ತೆರೆದಿರಬೇಕು ಎಂಬುದನ್ನು ಮುಂಗಾರಿನ ಗಾಳಿಗೆ ವಾಲಿದ ಮರ ಹೇಳಲಾರದು. ಇದಕ್ಕೆ ಬೇರೊಂದು ಸಾಕ್ಷ್ಯವನ್ನು ಹುಡುಕಬೇಕು. ಹಿಂಗಾರಿ ಜೋಳದ ರಾಶಿ ಮಾಡಿ ತೂರುತ್ತಿದ್ದ ಹಳೆಯ ಕಣಗಳೇ ಆ ಸಾಕ್ಷ್ಯ. ಯಂತ್ರಗಳು ಬರುವ ಮುನ್ನ ಕಾಳನ್ನೂ ಹೊಟ್ಟನ್ನೂ ಬೇರ್ಪಡಿಸುತ್ತಿದ್ದುದು ಗಾಳಿ. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಹುಟ್ಟಿದ್ದು ಆ ಕಣದಲ್ಲಿಯೇ. ಹಿರಿಯರು ಕಣ ಮಾಡುವಾಗ ಗಟ್ಟಿನೆಲವನ್ನು ನೋಡಿದಂತೆಯೇ ಗಾಳಿಯಾಡುವ ಜಾಗವನ್ನೂ ನೋಡುತ್ತಿದ್ದರು. ಜೋಳದ ಸುಗ್ಗಿಯ ಕಾಲವೂ ಒಣದ್ರಾಕ್ಷಿಯ ಕಾಲವೂ ಒಂದಕ್ಕೊಂದು ಹೊಂದಿಕೊಂಡಿರುವುದರಿಂದ, ಯಾವ ಕಣದಲ್ಲಿ ಯಾವ ಹೊತ್ತಿಗೆ ಯಾವ ಕಡೆಗೆ ಮುಖ ಮಾಡಿ ತೂರುತ್ತಿದ್ದರೆಂದು ಊರ ಹಿರಿಯರನ್ನು ಕೇಳಿ ತಿಳಿಯುವುದು ಶೆಡ್ಡು ಕಟ್ಟುವವರಿಗೆ ಉಪಯುಕ್ತ. ಮುಂಗಾರಿಗೆ ಮರ, ಸುಗ್ಗಿಗೆ ಕಣ, ಹೀಗೆ ಎರಡು ಸಾಕ್ಷಿಗಳು ಕೂಡಿದಾಗ ವರ್ಷದ ಚಿತ್ರ ಸಿಕ್ಕುತ್ತದೆ.

ಅನುಸರಿಸಬೇಕಾದ ಕ್ರಮ

ಸಣ್ಣ ಪವನಯಂತ್ರದ ಯೋಚನೆಯುಳ್ಳವರು ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಒಳಿತು.

1. ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ನಕಾಶೆಯನ್ನೂ, ಉಚಿತವಾಗಿ ದೊರೆಯುವ ಜಾಗತಿಕ ಪವನ ನಕಾಶೆಯನ್ನೂ ನೋಡಿ ತಮ್ಮ ಭಾಗದ ಗಾಳಿಯ ಸ್ಥೂಲ ಅಂದಾಜು ಪಡೆಯಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಮಟ್ಟದಲ್ಲಿ ಸ್ಥಾಪಿಸಿರುವ ಹವಾಮಾನ ಕೇಂದ್ರಗಳು ಗಾಳಿಯ ವೇಗ ಮತ್ತು ದಿಕ್ಕನ್ನೂ ದಾಖಲಿಸುತ್ತವೆ. ಯಾವ ತಿಂಗಳು ಹೆಚ್ಚು, ಯಾವ ತಿಂಗಳು ಕಡಿಮೆ ಎಂಬುದನ್ನು ಆ ದಾಖಲೆಯಿಂದ ತಿಳಿಯಬಹುದು.

2. ತಮ್ಮ ಜಾಗದಲ್ಲಿಯೂ ಸುತ್ತಲಿನ ಒಂದೆರಡು ಕಿಲೋಮೀಟರಿನಲ್ಲಿಯೂ ಇರುವ ಒಂಟಿ ಮರಗಳನ್ನು ಉತ್ತರ ಅಥವಾ ದಕ್ಷಿಣದ ಕಡೆಯಿಂದ ನಿಂತು ನೋಡಬೇಕು. ಪೂರ್ವಪಶ್ಚಿಮದ ವಾಲು ಆಗ ಮಾತ್ರ ಸರಿಯಾಗಿ ಕಾಣುತ್ತದೆ. ಛಾಯಾಚಿತ್ರ ತೆಗೆದು, ಮರದ ಜಾತಿ, ವಾಲಿದ ದಿಕ್ಕು, ಕಡಿದ ಗುರುತುಗಳನ್ನು ಬರೆದಿಟ್ಟುಕೊಳ್ಳಬೇಕು.

3. ಹೀಗೆ ಆರಿಸಿದ ಒಂದು ಜಾಗದಲ್ಲಿ ಗಾಳಿಮಾಪಕವನ್ನು, ಸಾಧ್ಯವಾದಷ್ಟು ಯಂತ್ರ ನಿಲ್ಲಲಿರುವ ಎತ್ತರದಲ್ಲಿಯೇ, ಕನಿಷ್ಠ ಒಂದು ಪೂರ್ಣ ವರ್ಷ ಇಡಬೇಕು. ಮುಂಗಾರಿನಲ್ಲಿ ಮಾತ್ರ ಅಳೆದು ಹನ್ನೆರಡು ತಿಂಗಳಿಗೆ ಗುಣಿಸುವುದು ನಷ್ಟದ ದಾರಿ.

4. ಯಂತ್ರದ ರೆಕ್ಕೆಯ ಕೆಳತುದಿ, 150 ಮೀಟರ್ ಸುತ್ತಳತೆಯೊಳಗಿನ ಕಟ್ಟಡ ಮತ್ತು ಮರಗಳಿಗಿಂತ ಸುಮಾರು 9 ಮೀಟರ್ ಮೇಲಿರಬೇಕೆಂಬುದು ಸಾಮಾನ್ಯ ನಿಯಮ. 10 ಮೀಟರ್ ಎತ್ತರದ ಮರಗಳ ಸಾಲಿನ ಹಿಂದೆ 100ರಿಂದ 200 ಮೀಟರ್‌ವರೆಗೂ ಗಾಳಿ ಕುಗ್ಗಿರುತ್ತದೆ. ತೋಟಕ್ಕೆ ಗಾಳಿತಡೆಯಾಗಿ ನೆಟ್ಟ ಸಾಲನ್ನು ಮುಂದಿಟ್ಟುಕೊಂಡು ಅದರ ಹಿಂದೆಯೇ ಯಂತ್ರ ನಿಲ್ಲಿಸುವುದು ತಾನೇ ಬಾಗಿಲು ಹಾಕಿ ಗಿರಾಕಿಗೆ ಕಾದಂತೆ.

5. ಎತ್ತರದ ಲಾಭವನ್ನು ಮರೆಯಬಾರದು. ತೆರೆದ ಬಯಲಿನಲ್ಲಿ 10 ಮೀಟರ್ ಎತ್ತರಕ್ಕೆ ಹೋಲಿಸಿದರೆ 30 ಮೀಟರ್ ಎತ್ತರದಲ್ಲಿ ವೇಗ ಸಾಮಾನ್ಯವಾಗಿ ಶೇಕಡಾ 17ರಷ್ಟು, ಶಕ್ತಿ ಶೇಕಡಾ 60ರಷ್ಟು ಹೆಚ್ಚು. ಹಲವು ಬಾರಿ ದೊಡ್ಡ ಯಂತ್ರಕ್ಕಿಂತ ಎತ್ತರದ ಗೋಪುರಕ್ಕೆ ಹಾಕಿದ ಹಣವೇ ಹೆಚ್ಚು ಫಲ ಕೊಡುತ್ತದೆ. ಕಾರ್ಖಾನೆಯ ಮಾಳಿಗೆಯ ಮೇಲೆ ಯಂತ್ರ ಕೂರಿಸುವುದರಿಂದ ಸುಳಿಗಾಳಿಯ ಹೊಡೆತವೂ ಕಟ್ಟಡಕ್ಕೆ ಕಂಪನವೂ ತಪ್ಪಿದ್ದಲ್ಲ.

6. ಮಾರಾಟಗಾರನಿಂದ ಯಂತ್ರದ ನಮೂದಿತ ಸಾಮರ್ಥ್ಯವನ್ನಷ್ಟೇ ಅಲ್ಲದೆ, ಸೆಕೆಂಡಿಗೆ 4, 5 ಮತ್ತು 6 ಮೀಟರ್ ಸರಾಸರಿ ವೇಗದಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಕೊಡುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಅಳತೆಯ ಫಲಿತಾಂಶವನ್ನು ಅದರೊಡನೆ ಹೋಲಿಸಿ, ಅಷ್ಟೇ ಬಂಡವಾಳದ ಸೌರಫಲಕಗಳು ಕೊಡುವ ಯೂನಿಟ್‌ಗಳೊಂದಿಗೂ ತಾಳೆ ಹಾಕಿ ನೋಡಿದ ಮೇಲೆಯೇ ಮುಂಗಡ ಕೊಡುವುದು ಜಾಣತನ.

ಈ ಕ್ರಮದಲ್ಲಿ ಮರದ ಪಾಲು ಒಂದೇ ಒಂದು ಹೆಜ್ಜೆ. ಆದರೆ ಅದು ಉಳಿದ ಹೆಜ್ಜೆಗಳ ಖರ್ಚನ್ನು ಕಡಿಮೆ ಮಾಡುವ ಹೆಜ್ಜೆ. ಒಂದೊಂದು ಹೋಬಳಿಯ ಉದ್ದಿಮೆದಾರರು ತಮ್ಮ ಭಾಗದ ವಾಲಿದ ಮರಗಳ ಛಾಯಾಚಿತ್ರಗಳನ್ನು ಒಂದೆಡೆ ಕೂಡಿಸಿ, ಹತ್ತಿರದ ಹವಾಮಾನ ಕೇಂದ್ರದ ಅಂಕಿಗಳೊಂದಿಗೆ ಜೋಡಿಸುತ್ತ ಹೋದರೆ, ಪೈನ್ ಮರಗಳಿಗಾಗಿ ಅಮೆರಿಕದಲ್ಲಿ ಮಾಡಿದ ಪಟ್ಟಿಯಂತಹದ್ದನ್ನು ಬೇವು ಜಾಲಿಗಳಿಗಾಗಿ ಇಲ್ಲಿಯೇ ಸಿದ್ಧಪಡಿಸಬಹುದು. ಅದಕ್ಕೆ ದೊಡ್ಡ ಬಂಡವಾಳ ಬೇಡ. ತಾಳ್ಮೆ ಮತ್ತು ಒಂದು ದಾಖಲೆ ಪುಸ್ತಕ ಸಾಕು.

ಹೊಲದ ಬದುವಿನ ಹಳೆಯ ಬೇವಿನ ಮರವನ್ನು ಕಡಿಯುವ ಮುನ್ನ ಅದು ಯಾವ ಕಡೆಗೆ ವಾಲಿದೆ ಎಂದು ಒಮ್ಮೆ ನೋಡುವುದು ಒಳ್ಳೆಯದು. ಅಷ್ಟು ವರ್ಷಗಳ ಗಾಳಿಯ ದಾಖಲೆಯನ್ನು ಮತ್ತೆ ಬರೆಸಬೇಕಾದರೆ ಅಷ್ಟೇ ವರ್ಷಗಳು ಬೇಕಾಗುತ್ತವೆ.